ಜಿಡ್ಡನ್ನು ಬಿಟ್ಟರೆ ರಕ್ತದ ಕೊಲೆಸ್ಟರಾಲ್ ಇಳಿಯುವುದೇ?

ಎಣ್ಣೆಬೀಜಗಳ ಬೇಸಾಯವನ್ನು ಕುರಿತು ಗ್ರಾಮಗಳಲ್ಲಿ ಸಭೆ ಸೇರಿದಾಗ ಬಿತ್ತನೆ, ಗೊಬ್ಬರ, ಧಾರಣೆ ಇವುಗಳ ವಿಚಾರವು ಮುಗಿದ ಮೇಲೆ ಊರಿನ ಯಜಮಾನರೂ ಜಮೀನುದಾರರೂ ಈಚೆಗೆ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು. ಪೇಟೆಯಲ್ಲಿ ರಕ್ತಪರೀಕ್ಷೆ ಮಾಡಿಸಿದ್ದಾಯಿತು; ಕೊಲೆಸ್ಟರಾಲ್ ಹೆಚ್ಚಾಗಿದೆಯೆಂದು ತಿಳಿಯಿತು; ಅಂದಿನಿಂದ ತುಪ್ಪವನ್ನೂ ಎಣ್ಣೆಯನ್ನೂ ಬಿಟ್ಟದ್ದಾಯಿತು; ಆರು ತಿಂಗಳ ಮೇಲೆ ಪುನಃ ನೋಡಿಸಿದರೆ ಒಂದು ಅಂಕಿಯು ಅಲ್ಪಸ್ವಲ್ಪ ಇಳಿದು ಮತ್ತೊಂದು ಅಂಕಿಯು ಏರಿದೆ; ಇದೇಕೆ ಹೀಗೆ? ಪ್ರಶ್ನೆಯು ವೈದ್ಯರಿಗೆ ಸೇರಿದ್ದೆಂದು ಹೇಳಿ ಸುಮ್ಮನಿರುವುದು ಸುಲಭ. ಆದರೆ ತಟ್ಟೆಗೆ ಬರುವ ಅಕ್ಕಿ, ರಾಗಿ, ಎಣ್ಣೆ, ತುಪ್ಪ ಎಲ್ಲವೂ ಹೊಲದಿಂದಲೂ ಕೊಟ್ಟಿಗೆಯಿಂದಲೂ ಬಂದವುಗಳಾದುದರಿಂದ ಅವುಗಳ ಗುಣವನ್ನು ಬೆಳೆಯುವವರು ತಿಳಿದಿರುವುದು ಯುಕ್ತವಾಗಿದೆ. ರೋಗದ ಚಿಕಿತ್ಸೆಯನ್ನು ವೈದ್ಯರಿಗೇ ಬಿಟ್ಟು, ಆಹಾರಕ್ಕೂ ದೇಹದ ತೂಕಕ್ಕೂ ಸಂಬಂಧಪಟ್ಟ ಭಾಗವನ್ನು ಮಾತ್ರ ಇಲ್ಲಿ ವಿವರಿಸಲಾಗುವುದು.

ಕೊಲೆಸ್ಟರಾಲ್ ಎಂಬುದು ಮೇಣದಂತಿರುವ ಒಂದು ಪದಾರ್ಥ. ಮೊದಲು ಇದು ಪಿತ್ತಕೋಶದ ಕಲ್ಲುಗಳಲ್ಲಿ ಕಂಡುಬಂದು, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಷೆವ್ರಲ್ ಎಂಬುವರು ಇದಕ್ಕೆ ಹೆಸರನ್ನಿಟ್ಟರು. ಹೆಸರನ್ನು ಕೇಳಿದೊಡನೆಯೇ ಇದು ವಿಷವೆಂದು ಭಾವಿಸುವವರು ಅನೇಕರಿದ್ದಾರೆ. ಅದು ಸರಿಯಲ್ಲ. ದೇಹದ ಪ್ರತಿಯೊಂದು ಜೀವಕಣದ ಹೊದಿಕೆಯಲ್ಲಿಯೂ ಇದು ಇರಲೇಬೇಕು. ಆಹಾರವನ್ನು ಜೀರ್ಣಿಸುವ ಪಿತ್ತರಸಕ್ಕೆ ಇದೇ ಮೂಲದ್ರವ್ಯ. ಆದುದರಿಂದಲೇ ನಾವು ತಿನ್ನಲಿ, ಬಿಡಲಿ, ದೇಹವು ತನಗೆ ಬೇಕಾದ ಕೊಲೆಸ್ಟರಾಲಿನ ಬಹುಭಾಗವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಯಕೃತ್ತು ಇದರಲ್ಲಿ ಮುಖ್ಯವಾದುದು. ಪ್ರಾಣಿಗಳಿಂದ ಬಂದ ಆಹಾರದಲ್ಲಿ ಮಾತ್ರ ಇದು ಗಣನೆಗೆ ಬರುವಷ್ಟು ಇರುತ್ತದೆ. ಗಿಡಮರಗಳ ಎಣ್ಣೆಯಲ್ಲಿ ಇದು ಇಲ್ಲವೆಂದೇ ಹೇಳಬಹುದು. ಕಡಲೆಕಾಯಿ ಎಣ್ಣೆಯ ಡಬ್ಬಿಯ ಮೇಲೆ ‘ಕೊಲೆಸ್ಟರಾಲ್ ರಹಿತ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವುದು, ಕುಡಿಯುವ ನೀರಿನ ಕೊಡದ ಮೇಲೆ ‘ಕಲ್ಲಿಲ್ಲದ್ದು’ ಎಂದು ಬರೆದಂತೆಯೇ ಸರಿ. ಮಾತು ನಿಜ, ಆದರೆ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾದ ಕಾರಣವಿಲ್ಲ.

ರಕ್ತವು ನೀರಿನ ಅಂಶದಿಂದ ಕೂಡಿದುದು; ಜಿಡ್ಡು ಅದರಲ್ಲಿ ಬೆರೆಯುವುದಿಲ್ಲ. ಆದುದರಿಂದ ದೇಹವು ಜಿಡ್ಡನ್ನೂ ಕೊಲೆಸ್ಟರಾಲನ್ನೂ ಸಸಾರಜನಕದ ಸಣ್ಣ ಪೊಟ್ಟಣಗಳಲ್ಲಿ ತುಂಬಿ ಬಂಡಿಯಲ್ಲಿ ಮೂಟೆ ಸಾಗಿಸಿದಂತೆ ಸಾಗಿಸುತ್ತದೆ. ಪರೀಕ್ಷೆಯ ಚೀಟಿಯಲ್ಲಿ ಕಾಣುವ ಸಾಲುಗಳು ಈ ಬಂಡಿಗಳ ಲೆಕ್ಕವೇ ಆಗಿರುತ್ತವೆ. ಎಲ್.ಡಿ.ಎಲ್. ಎಂಬುದು ಕೊಲೆಸ್ಟರಾಲನ್ನು ಹೊತ್ತು ರಕ್ತದಲ್ಲಿ ಸಂಚರಿಸುವ ಬಂಡಿ; ಇದು ಅತಿಯಾದರೆ ಹೊರೆಯು ಧಮನಿಗಳ ಗೋಡೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಬೆಳೆದು, ಕೊನೆಗೆ ಹೃದಯಾಘಾತಕ್ಕೆ ಕಾರಣವಾಗುತ್ತದೆ. ಎಚ್.ಡಿ.ಎಲ್. ಎಂಬುದು ಹೆಚ್ಚಾದುದನ್ನು ಯಕೃತ್ತಿಗೆ ಮರಳಿ ಒಯ್ಯುವುದು. ಇದು ತೀರ ಕಡಮೆಯಾಗಿರುವುದು ಒಳ್ಳೆಯ ಲಕ್ಷಣವಲ್ಲ. ಮೂರನೆಯದಾದ ಟ್ರೈಗ್ಲಿಸರೈಡ್ ಎಂಬುದು ಕೊಲೆಸ್ಟರಾಲೇ ಅಲ್ಲ. ಅದು ಸಾಮಾನ್ಯ ಜಿಡ್ಡು, ಎಂದರೆ ದೇಹವು ಸುಡುವುದಕ್ಕೂ ಕೂಡಿಡುವುದಕ್ಕೂ ಇಟ್ಟುಕೊಂಡ ಸರಕು. ಮುಂದೆ ಬರುವ ಅಂಕಿಗಳೆಲ್ಲವನ್ನೂ ಒಂದು ಡೆಸಿಲೀಟರು, ಎಂದರೆ ೧೦೦ ಮಿಲಿಲೀಟರು ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂದು ತಿಳಿಯತಕ್ಕದ್ದು. ಸಾಮಾನ್ಯವಾಗಿ ಎಲ್.ಡಿ.ಎಲ್. ೧೦೦ಕ್ಕೆ ಒಳಗೂ, ಟ್ರೈಗ್ಲಿಸರೈಡ್ ೧೫೦ಕ್ಕೆ ಒಳಗೂ, ಎಚ್.ಡಿ.ಎಲ್. ಗಂಡಸರಿಗೆ ೪೦ಕ್ಕೂ ಹೆಂಗಸರಿಗೆ ೫೦ಕ್ಕೂ ಮೇಲೆಯೂ ಇರುವುದು ಅಪೇಕ್ಷಣೀಯವೆಂದು ವೈದ್ಯರ ಅಭಿಪ್ರಾಯ. ಹೃದಯದ ಬೇನೆಯಾಗಲಿ ಸಿಹಿಮೂತ್ರದ ರೋಗವಾಗಲಿ ಇದ್ದವರಿಗೆ ಎಲ್.ಡಿ.ಎಲ್. ಇನ್ನೂ ತಗ್ಗಿರಬೇಕೆಂದು ಅವರು ವಿಧಿಸುತ್ತಾರೆ.

ಈ ಮೂರು ಸಾಲುಗಳನ್ನು ಪ್ರತ್ಯೇಕವಾಗಿ ಓದದೆ, ‘ಕೊಲೆಸ್ಟರಾಲ್ ಬಂದಿದೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದೇ ಮೇಲೆ ಹೇಳಿದ ತೊಡಕಿಗೆ ಮೂಲ. ಎಲ್.ಡಿ.ಎಲ್. ಸಾಲನ್ನು ಏರಿಸಿ ಇಳಿಸುವ ಆಹಾರದ ಕಾರಣವೇ ಬೇರೆ. ಟ್ರೈಗ್ಲಿಸರೈಡನ್ನು ಏರಿಸಿ ಇಳಿಸುವ ಕಾರಣವೇ ಬೇರೆ.

ಮೊದಲು ಎಲ್.ಡಿ.ಎಲ್. ವಿಚಾರವನ್ನು ನೋಡೋಣ. ಅಮೆರಿಕದ ವೈದ್ಯವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬುವರು ಜೀವಕಣಗಳ, ಮುಖ್ಯವಾಗಿ ಯಕೃತ್ತಿನ ಜೀವಕಣಗಳ ಮೇಲೆ, ಈ ಬಂಡಿಗಳನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುವ ಗ್ರಾಹಕಗಳಿರುವುದನ್ನು ಕಂಡುಹಿಡಿದು ೧೯೮೫ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಮಂಡಿಯಲ್ಲಿ ಮೂಟೆ ಇಳಿಸಿಕೊಳ್ಳುವ ಹಮಾಲರು ಕಡಮೆಯಾದರೆ ತುಂಬಿದ ಬಂಡಿಗಳು ಬೀದಿಯಲ್ಲಿಯೇ ಸಾಲುಗಟ್ಟಿ ನಿಲ್ಲುವುದನ್ನು ನಾವೆಲ್ಲರೂ ನೋಡಿದ್ದೇವೆ. ಯಕೃತ್ತಿನಲ್ಲಿಯೂ ಹೀಗೆಯೇ ನಡೆಯುತ್ತದೆ. ತುಪ್ಪ, ಬೆಣ್ಣೆ, ಮಾಂಸದ ಕೊಬ್ಬು, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ ಇವುಗಳಲ್ಲಿ ಹೆಚ್ಚಾಗಿರುವ, ತಂಪಿನಲ್ಲಿ ಹೆಪ್ಪುಗಟ್ಟುವ ಜಾತಿಯ ಕೊಬ್ಬು, ಎಂದರೆ ಡಬ್ಬಿಗಳ ಮೇಲೆ ‘ಸ್ಯಾಚುರೇಟೆಡ್’ ಎಂದು ಬರೆದಿರುವ ಕೊಬ್ಬು, ಈ ಗ್ರಾಹಕಗಳ ಕೆಲಸವನ್ನು ತಗ್ಗಿಸುವುದರಿಂದ ಎಲ್.ಡಿ.ಎಲ್. ರಕ್ತದಲ್ಲಿಯೇ ಉಳಿಯುತ್ತದೆ. ತಿಂದ ಕೊಲೆಸ್ಟರಾಲಿಗಿಂತಲೂ ತಿಂದ ಗಟ್ಟಿ ಕೊಬ್ಬೇ ಇದಕ್ಕೆ ಹೆಚ್ಚು ಹೊಣೆ. ಇದನ್ನು ಮನಗಂಡು, ದಿನಕ್ಕೆ ೩೦೦ ಮಿಲಿಗ್ರಾಮಿಗಿಂತ ಹೆಚ್ಚು ಕೊಲೆಸ್ಟರಾಲ್ ತಿನ್ನಬಾರದೆಂದು ಬಹುಕಾಲದಿಂದ ಇದ್ದ ಮಿತಿಯನ್ನು ಅಮೆರಿಕದ ಸರಕಾರದ ಆಹಾರಸೂಚನೆಗಳು ೨೦೧೫ರಲ್ಲಿ ಕೈಬಿಟ್ಟವು.

ಹಾಗಾದರೆ ಜಿಡ್ಡನ್ನೆಲ್ಲ ಬಿಟ್ಟುಬಿಟ್ಟರೆ ಸಾಕಲ್ಲವೆ ಎಂದರೆ, ಅಲ್ಲಿಯೇ ಎರಡನೆಯ ಕಾರಣವು ಬಂದು ಸೇರುತ್ತದೆ. ಜಿಡ್ಡನ್ನು ಬಿಟ್ಟ ಮನುಷ್ಯನು ಹಸಿದುಕೊಂಡಿರುವುದಿಲ್ಲ. ಅದರ ಬದಲಿಗೆ ಮತ್ತೇನನ್ನೋ ತಿನ್ನುತ್ತಾನೆ. ನಮ್ಮ ಸೀಮೆಯಲ್ಲಿ ಅದು ಸಾಮಾನ್ಯವಾಗಿ ಅನ್ನ, ಮುದ್ದೆ, ರೊಟ್ಟಿ ಅಥವಾ ಸಕ್ಕರೆಯ ಕಾಫಿಯಾಗಿರುತ್ತದೆ. ಪಿಷ್ಟದಿಂದ ದೇಹದಲ್ಲಿ ಕೊಬ್ಬು ಹುಟ್ಟುವುದೋ ಇಲ್ಲವೋ ಎಂಬ ವಾದವನ್ನು ತೀರ್ಮಾನ ಮಾಡಿದವರು ವ್ಯವಸಾಯದ ಕಡೆಯವರೇ ಎಂಬುದು ವಾಚಕರಿಗೆ ಸಂತೋಷದ ವಿಷಯವಾಗಬಹುದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ವ್ಯವಸಾಯ ಪ್ರಯೋಗಕ್ಷೇತ್ರದಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬುವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹಂದಿಗಳಿಗೆ ಧಾನ್ಯವನ್ನು ತೂಗಿ ತಿನ್ನಿಸಿ, ಅವುಗಳ ದೇಹದಲ್ಲಿ ಸೇರಿದ ಕೊಬ್ಬು ಮೇವಿನಲ್ಲಿದ್ದ ಕೊಬ್ಬಿಗಿಂತ ಎಷ್ಟೋ ಹೆಚ್ಚಾಗಿರುವುದನ್ನು ತೋರಿಸಿಕೊಟ್ಟರು. ಮನುಷ್ಯನ ಯಕೃತ್ತೂ ಇದೇ ಕೆಲಸವನ್ನು ಮಾಡಬಲ್ಲದು. ಸುಡುವುದಕ್ಕಿಂತ ಹೆಚ್ಚಾಗಿ ಒಳಸೇರಿದ ಪಿಷ್ಟವನ್ನೂ ಸಕ್ಕರೆಯನ್ನೂ ಅದು ಟ್ರೈಗ್ಲಿಸರೈಡಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್ ಏರಿದಂತೆ ಎಚ್.ಡಿ.ಎಲ್. ತಗ್ಗುವುದು ಸಾಮಾನ್ಯ. ಮದ್ಯವೂ ಇದೇ ದಾರಿಯಲ್ಲಿ ಟ್ರೈಗ್ಲಿಸರೈಡನ್ನು ಏರಿಸುವುದೆಂದು ಇಲ್ಲಿಯೇ ಹೇಳಿಬಿಡುವುದು ಮೇಲು.

ಬದಲಿಗೆ ತಿನ್ನುವ ಪದಾರ್ಥದಿಂದ ಎಷ್ಟು ವ್ಯತ್ಯಾಸವಾಗುವುದೆಂಬುದಕ್ಕೆ ಲೆಕ್ಕವೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ನೆದರ್ಲೆಂಡಿನ ಮೆನ್ಸಿಂಕ್ ಎಂಬ ವಿದ್ವಾಂಸರು ಅನೇಕ ಪ್ರಯೋಗಗಳ ಫಲವನ್ನು ಒಟ್ಟುಗೂಡಿಸಿ ೨೦೧೬ರಲ್ಲಿ ಪ್ರಕಟಿಸಿದರು. ಅದನ್ನು ನಮ್ಮ ಮನೆಯ ಅಳತೆಗೆ ತಂದುಕೊಳ್ಳೋಣ. ದಿನಕ್ಕೆ ೨,೦೦೦ ಕ್ಯಾಲೊರಿ ಆಹಾರವನ್ನು ತಿನ್ನುವ ಗೃಹಸ್ಥನೊಬ್ಬನು ಅದರಲ್ಲಿ ಸುಮಾರು ೩೫ ಗ್ರಾಂ ತುಪ್ಪವನ್ನು ಬಿಡುತ್ತಾನೆಂದು ಇಟ್ಟುಕೊಂಡರೆ, ಅದರಲ್ಲಿರುವ ಗಟ್ಟಿ ಕೊಬ್ಬು ಸುಮಾರು ೨೨ ಗ್ರಾಂ. ಎಂದರೆ ಅವನ ಆಹಾರದ ಶಕ್ತಿಯಲ್ಲಿ ಹತ್ತನೆಯ ಒಂದು ಭಾಗ. ಇಷ್ಟೇ ಶಕ್ತಿಯನ್ನು ಅಕ್ಕಿ ಮೊದಲಾದ ಪಿಷ್ಟಪದಾರ್ಥದಿಂದ ತುಂಬಿಕೊಂಡರೆ ಎಲ್.ಡಿ.ಎಲ್. ಸುಮಾರು ೧೩ ಇಳಿಯುತ್ತದೆ, ಆದರೆ ಎಚ್.ಡಿ.ಎಲ್. ಸುಮಾರು ೪ ಇಳಿಯುತ್ತದೆ, ಟ್ರೈಗ್ಲಿಸರೈಡ್ ಸುಮಾರು ೧೦ ಏರುತ್ತದೆ. ಕುಸುಬೆ, ಸೂರ್ಯಕಾಂತಿಗಳಲ್ಲಿ ಹೆಚ್ಚಾಗಿರುವ ತೆಳು ಜಾತಿಯ ಕೊಬ್ಬಿನಿಂದ ತುಂಬಿಕೊಂಡರೆ ಎಲ್.ಡಿ.ಎಲ್. ಸುಮಾರು ೨೧ ಇಳಿದು, ಎಚ್.ಡಿ.ಎಲ್. ಸುಮಾರು ೨ ಮಾತ್ರ ಇಳಿದು, ಟ್ರೈಗ್ಲಿಸರೈಡೂ ಸುಮಾರು ೯ ಇಳಿಯುತ್ತದೆ. ಇವು ಸರಾಸರಿ ಲೆಕ್ಕಗಳು. ಒಬ್ಬೊಬ್ಬರ ದೇಹದಲ್ಲಿ ಹೆಚ್ಚುಕಡಮೆ ಇದ್ದೇ ಇರುತ್ತದೆ. ಆದರೂ, ತುಪ್ಪವನ್ನು ಬಿಟ್ಟು ಅನ್ನವನ್ನು ಹೆಚ್ಚಿಸಿದವರ ಚೀಟಿಯಲ್ಲಿ ಒಂದು ಸಾಲು ಇಳಿದು ಇನ್ನೊಂದು ಏರುವುದೇಕೆಂಬುದಕ್ಕೆ ಉತ್ತರವು ಇದರಲ್ಲಿಯೇ ದೊರೆಯುತ್ತದೆ.

ಜಿಡ್ಡನ್ನು ಗುಣಭೇದವಿಲ್ಲದೆ ಸಾರಾಸಗಟಾಗಿ ಕಡಮೆ ಮಾಡಿ ನೋಡಿದ ದೊಡ್ಡ ಪ್ರಯೋಗವೂ ಒಂದು ನಡೆದಿದೆ. ಅಮೆರಿಕದಲ್ಲಿ ೪೮,೮೩೫ ಮಂದಿ ಸ್ತ್ರೀಯರನ್ನು ಸೇರಿಸಿಕೊಂಡು ಸುಮಾರು ಎಂಟು ವರ್ಷಗಳ ಕಾಲ ನಡೆಸಿದ ಆ ಪ್ರಯೋಗದ ಫಲವು ೨೦೦೬ರಲ್ಲಿ ಪ್ರಕಟವಾಯಿತು. ಜಿಡ್ಡನ್ನು ಕಡಮೆ ಮಾಡಿಕೊಂಡ ಗುಂಪಿನವರಲ್ಲಿ ಎಲ್.ಡಿ.ಎಲ್. ಇಳಿದದ್ದು ಸುಮಾರು ಮೂರೂವರೆ ಮಾತ್ರ. ಹೃದಯರೋಗವು ಗಣನೀಯವಾಗಿ ಕಡಮೆಯಾಗಲಿಲ್ಲ. ಅಷ್ಟು ಜನರ ಅಷ್ಟು ವರ್ಷದ ಪಥ್ಯಕ್ಕೆ ಇದು ಅಲ್ಪ ಫಲವೆಂದೇ ಹೇಳಬೇಕು. ಒಳ್ಳೆಯ ಎಣ್ಣೆ, ಕೆಟ್ಟ ಕೊಬ್ಬು ಎಂಬ ವಿವೇಚನೆಯಿಲ್ಲದೆ ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದುದು ಇದಕ್ಕೆ ಒಂದು ಕಾರಣವೆಂದು ತಿಳಿದವರು ಅಭಿಪ್ರಾಯಪಡುತ್ತಾರೆ. ಕಳೆ ಕೀಳುವಾಗ ಪೈರನ್ನೂ ಕಿತ್ತರೆ ಹೊಲವು ಚೊಕ್ಕಟವಾಗಿ ಕಾಣುವುದು ನಿಜ.

ಹಳ್ಳಿಯವರ ಮೇಲೆಯೇ ನಡೆದ ಮತ್ತೊಂದು ಪರಿಶೀಲನೆಯು ನಮಗೆ ಇನ್ನೂ ಹತ್ತಿರದ್ದು. ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿದ್ವಾಂಸರ ನೇತೃತ್ವದಲ್ಲಿ ೧೯೫೮ರಿಂದ ಏಳು ದೇಶಗಳಲ್ಲಿ ೪೦ರಿಂದ ೫೯ ವರ್ಷದೊಳಗಿನ ಗಂಡಸರನ್ನು, ಅವರಲ್ಲಿ ಬಹುಮಂದಿ ಗ್ರಾಮವಾಸಿಗಳನ್ನೇ, ದೀರ್ಘಕಾಲ ಪರಿಶೀಲಿಸಲಾಯಿತು. ಫಿನ್ಲೆಂಡಿನ ಪೂರ್ವಭಾಗದ ರೈತರೂ ಮರ ಕಡಿಯುವವರೂ ಮೈಮುರಿದು ದುಡಿಯುವವರಾಗಿದ್ದರು. ಹಾಲು ಬೆಣ್ಣೆಗಳು ಅವರ ಮುಖ್ಯಾಹಾರ. ರಕ್ತದ ಕೊಲೆಸ್ಟರಾಲೂ ಹೃದಯರೋಗದ ಮರಣಗಳೂ ಅವರಲ್ಲಿ ಅತ್ಯಧಿಕವಾಗಿದ್ದವು. ಜಪಾನಿನ ತನುಷಿಮಾರು ಎಂಬ ಬೇಸಾಯದ ಊರಿನಲ್ಲಿ ಜಿಡ್ಡು ಬಹು ಕಡಮೆ, ಅನ್ನ ಬಹಳ; ಅವರು ಕೃಶಶರೀರಿಗಳೂ ದುಡಿಯುವವರೂ ಆಗಿದ್ದು ಕೊಲೆಸ್ಟರಾಲೂ ಹೃದಯರೋಗವೂ ಕಡಮೆಯಾಗಿದ್ದವು. ಗ್ರೀಸಿಗೆ ಸೇರಿದ ಕ್ರೀಟ್ ದ್ವೀಪದ ರೈತರಾದರೋ ಆಹಾರದ ಶಕ್ತಿಯಲ್ಲಿ ಶೇಕಡ ೪೦ರಷ್ಟನ್ನು ಜಿಡ್ಡಿನಿಂದಲೇ, ಬಹುಮಟ್ಟಿಗೆ ಆಲಿವ್ ಎಣ್ಣೆಯಿಂದ, ಪಡೆಯುತ್ತಿದ್ದರು. ಆದರೂ ಹೃದಯರೋಗವು ಅವರಲ್ಲಿ ಅತ್ಯಲ್ಪವಾಗಿತ್ತು. ಜಿಡ್ಡಿನ ಮೊತ್ತವೊಂದನ್ನೇ ನೋಡಿದರೆ ಕ್ರೀಟಿನವರನ್ನೂ ಫಿನ್ಲೆಂಡಿನವರನ್ನೂ ಒಂದೇ ಗುಂಪಿಗೆ ಸೇರಿಸಬೇಕಾಗುತ್ತದೆ. ದುಡಿಮೆಯೊಂದನ್ನೇ ನೋಡಿದರೂ ಹಾಗೆಯೇ. ಬೇರೆಯಾಗಿದ್ದ ವಿಷಯಗಳಲ್ಲಿ ಮುಖ್ಯವಾದುದು ಜಿಡ್ಡಿನ ಜಾತಿ.

ಫಿನ್ಲೆಂಡಿನವರು ಇದನ್ನು ಅರಿತು ೧೯೭೨ರಲ್ಲಿ ಉತ್ತರ ಕರೇಲಿಯ ಎಂಬ ಪ್ರಾಂತ್ಯದಲ್ಲಿ ಒಂದು ಮಹಾಕಾರ್ಯವನ್ನು ಆರಂಭಿಸಿದರು. ಬೆಣ್ಣೆಯ ಬದಲು ಎಣ್ಣೆ, ಕೆನೆ ತೆಗೆದ ಹಾಲು, ತರಕಾರಿ, ಧೂಮಪಾನತ್ಯಾಗ ಇವುಗಳನ್ನು ಮನೆಮನೆಗೂ ತಿಳಿಸಿದರು. ಹಾಲು ಬೆಣ್ಣೆಗಳಿಂದಲೇ ಜೀವಿಸುತ್ತಿದ್ದ ರೈತರು ಮೊದಲು ಇದನ್ನು ಪ್ರತಿಭಟಿಸಿದುದು ಸಹಜವೇ; ಬಳಿಕ ಅವರಿಗೆ ಬೆರ್ರಿ ಎಂಬ ಹಣ್ಣುಗಳ ಬೇಸಾಯಕ್ಕೆ ಪ್ರೋತ್ಸಾಹವನ್ನು ಕೊಡಲಾಯಿತು; ಆ ದೇಶದ ಚಳಿಗೆ ಒಗ್ಗುವ, ಸಾಸುವೆಯ ಜಾತಿಯ ಎಣ್ಣೆಬೀಜದ ಬೆಳೆಯೂ ಹಬ್ಬಿತು. ಸುಮಾರು ೩೫ ವರ್ಷಗಳಲ್ಲಿ ಅಲ್ಲಿನ ಗಂಡಸರ ಸರಾಸರಿ ಕೊಲೆಸ್ಟರಾಲ್ ಐದನೆಯ ಒಂದು ಭಾಗದಷ್ಟು ಇಳಿಯಿತು. ನಡುವಯಸ್ಸಿನವರ ಹೃದಯಮರಣಗಳು ಹಿಂದಿನ ಕಾಲು ಭಾಗಕ್ಕೂ ಕಡಮೆಯಾದವು. ಇಲ್ಲಿ ಗಮನಿಸಬೇಕಾದ ಸಂಗತಿಯೇನೆಂದರೆ, ಇದೇ ಕಾಲದಲ್ಲಿ ಆ ಗಂಡಸರ ಸರಾಸರಿ ತೂಕವು ಇಳಿಯಲಿಲ್ಲ, ಏರಿತು. ತೂಕ ಇಳಿಯದಿದ್ದರೂ ಜಿಡ್ಡಿನ ಜಾತಿ ಬದಲಾದುದರಿಂದ ಕೊಲೆಸ್ಟರಾಲ್ ಇಳಿಯಿತೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕಿಲ್ಲ.

ಇನ್ನು ತೂಕದ ವಿಚಾರ. ತೂಕವನ್ನು ಇಳಿಸಿದರೆ ಯಾವ ಸಾಲು ಎಷ್ಟು ಬದಲಾಗುವುದೆಂಬುದನ್ನು ೭೦ ಪ್ರಯೋಗಗಳಿಂದ ಕ್ರೋಡೀಕರಿಸಿ ೧೯೯೨ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಇಳಿದ ಒಂದೊಂದು ಕಿಲೋ ತೂಕಕ್ಕೆ ಒಟ್ಟು ಕೊಲೆಸ್ಟರಾಲ್ ಸುಮಾರು ೨, ಎಲ್.ಡಿ.ಎಲ್. ಒಂದಕ್ಕಿಂತ ಸ್ವಲ್ಪ ಕಡಮೆ, ಟ್ರೈಗ್ಲಿಸರೈಡ್ ಒಂದಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತವೆ. ೮೦ ಕಿಲೋ ತೂಗುವವರು ೮ ಕಿಲೋ ಇಳಿಸಿದರೆ ಎಲ್.ಡಿ.ಎಲ್. ಸುಮಾರು ೬ ಇಳಿಯಿತೆಂದಾಯಿತು. ಇಷ್ಟಕ್ಕೇ ಇಷ್ಟು ಕಷ್ಟವೇ ಎಂದು ನಿರಾಶರಾಗಬೇಕಾದುದಿಲ್ಲ. ಟ್ರೈಗ್ಲಿಸರೈಡ್ ಮೊದಲೇ ಏರಿದ್ದವರಲ್ಲಿ ಅದು ಸರಾಸರಿಗಿಂತ ಬಹಳ ಹೆಚ್ಚಾಗಿ ಇಳಿಯುತ್ತದೆ; ತೂಕದಲ್ಲಿ ಶೇಕಡ ೫ರಿಂದ ೧೦ರಷ್ಟನ್ನು ಇಳಿಸಿದರೆ ಟ್ರೈಗ್ಲಿಸರೈಡ್ ಶೇಕಡ ೨೦ರಷ್ಟು ಇಳಿಯುವುದುಂಟು. ರಕ್ತದೊತ್ತಡವೂ ರಕ್ತದ ಸಕ್ಕರೆಯೂ ಜೊತೆಯಲ್ಲಿಯೇ ಇಳಿಯುತ್ತವೆ. ಹೊಟ್ಟೆಯ ಒಳಗೂ ಯಕೃತ್ತಿನಲ್ಲಿಯೂ ಸೇರಿದ ಕೊಬ್ಬು ಮೊದಲು ಕರಗುವುದೇ ಇದಕ್ಕೆ ಮುಖ್ಯ ಕಾರಣ.

ಎಚ್.ಡಿ.ಎಲ್. ವಿಷಯದಲ್ಲಿ ಒಂದು ವಿಚಿತ್ರವುಂಟು. ತೂಕವು ಇಳಿಯುತ್ತಿರುವ ತಿಂಗಳುಗಳಲ್ಲಿ ಇದು ಸ್ವಲ್ಪ ತಗ್ಗುತ್ತದೆ; ತೂಕವು ಇಳಿದು ಒಂದು ಕಡೆ ನಿಂತ ಮೇಲೆ ಮೊದಲಿಗಿಂತ ಮೇಲಕ್ಕೆ ಏರುತ್ತದೆ. ಇದನ್ನು ತಿಳಿಯದೆ ನಡುವಿನಲ್ಲಿ ಪರೀಕ್ಷೆ ಮಾಡಿಸಿ, ಎಚ್.ಡಿ.ಎಲ್. ಇಳಿಯಿತೆಂದು ಗಾಬರಿಗೊಂಡು ಪಥ್ಯವನ್ನೇ ಬಿಡುವವರುಂಟು. ಬೆಳೆಯುವ ಪೈರನ್ನು ನಡುವೆ ಕೊಯ್ದು ಇಳುವರಿಯನ್ನು ಲೆಕ್ಕ ಹಾಕಿದಂತೆ ಇದು.

ತೂಕ ಇಳಿಸುವುದಕ್ಕಾದರೂ ಜಿಡ್ಡನ್ನೇ ಬಿಡಬೇಕೇ? ಒಂದು ಗ್ರಾಂ ಜಿಡ್ಡಿನಲ್ಲಿ ೯ ಕ್ಯಾಲೊರಿಯೂ ಒಂದು ಗ್ರಾಂ ಪಿಷ್ಟದಲ್ಲಿ ೪ ಕ್ಯಾಲೊರಿಯೂ ಇರುವುದರಿಂದ ಜಿಡ್ಡನ್ನು ಕಡಮೆ ಮಾಡುವುದು ಅನುಕೂಲವೆಂದು ತೋರುತ್ತದೆ. ಆದರೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ೬೦೯ ಮಂದಿಯ ಮೇಲೆ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ವರ್ಷದಲ್ಲಿ ಜಿಡ್ಡು ಕಡಮೆ ಮಾಡಿದವರು ಸರಾಸರಿ ೫.೩ ಕಿಲೋವನ್ನೂ ಪಿಷ್ಟ ಕಡಮೆ ಮಾಡಿದವರು ೬ ಕಿಲೋವನ್ನೂ ಇಳಿಸಿದರು. ಭೇದವು ಗಣನೆಗೆ ಬರುವಷ್ಟಿರಲಿಲ್ಲ. ಮೊದಲಿನವರಿಗೆ ಎಲ್.ಡಿ.ಎಲ್. ಕೊಂಚ ಮೇಲಾಗಿಯೂ, ಎರಡನೆಯವರಿಗೆ ಟ್ರೈಗ್ಲಿಸರೈಡೂ ಎಚ್.ಡಿ.ಎಲ್.ಉ ಕೊಂಚ ಮೇಲಾಗಿಯೂ ಇದ್ದವು. ಎರಡು ಗುಂಪಿನವರಿಗೂ ಸಕ್ಕರೆ ಮೈದಾಗಳನ್ನು ತ್ಯಜಿಸಿ ತರಕಾರಿಯನ್ನು ಹೆಚ್ಚಿಸಬೇಕೆಂದು ಹೇಳಿದ್ದರೆಂಬುದನ್ನು ಮರೆಯಬಾರದು.

ವ್ಯಾಯಾಮವು ಇದರಲ್ಲಿ ಸೇರಲೇಬೇಕು. ಎಲ್.ಡಿ.ಎಲ್. ಹೆಚ್ಚಾಗಿ ಎಚ್.ಡಿ.ಎಲ್. ತಗ್ಗಿದ್ದ ಸ್ತ್ರೀಪುರುಷರ ಮೇಲೆ ನಡೆದ, ೧೯೯೮ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜಿಡ್ಡು ಕಡಮೆಯ ಪಥ್ಯವೊಂದರಿಂದಲೇ ಎಲ್.ಡಿ.ಎಲ್. ಗಣನೀಯವಾಗಿ ಇಳಿಯಲಿಲ್ಲ, ಪಥ್ಯಕ್ಕೆ ವ್ಯಾಯಾಮವೂ ಕೂಡಿದಾಗಲೇ ಇಳಿಯಿತು. ನಮ್ಮ ಜಮೀನುದಾರರಲ್ಲಿ ಅನೇಕರ ತಂದೆತಾತಂದಿರು ದಿನವೆಲ್ಲ ನೇಗಿಲ ಹಿಂದೆ ನಡೆದವರು. ಈಗ ಉಳುವುದು ಟ್ರಾಕ್ಟರು; ಹೊಲಕ್ಕೆ ಹೋಗುವುದು ಮೋಟಾರು ಸೈಕಲ್ಲಿನಲ್ಲಿ; ಮುದ್ದೆಯ ಗಾತ್ರ ಮಾತ್ರ ತಾತನ ಕಾಲದ್ದೇ. ಕೆಲಸವಿಲ್ಲದ ತಿಂಗಳುಗಳಲ್ಲಿ ಎತ್ತಿಗೆ ಹಾಕುವ ಹಿಂಡಿ ಹುರುಳಿಗಳನ್ನು ಕಡಮೆ ಮಾಡುವ ಯಜಮಾನರು ತಮ್ಮ ತಟ್ಟೆಗೆ ಮಾತ್ರ ಆ ಲೆಕ್ಕವನ್ನು ಹಾಕಿಕೊಳ್ಳುವುದಿಲ್ಲ. ಜಪಾನಿನ ಆ ಊರಿನವರಂತೆ ಅಷ್ಟು ಅನ್ನವನ್ನು ತಿನ್ನಬೇಕಾದರೆ ಅವರಂತೆಯೇ ದುಡಿಯಬೇಕು.

ನಮ್ಮ ದೇಶದವರ ರಕ್ತದಲ್ಲಿ ಯಾವ ಸಾಲು ಹೆಚ್ಚಾಗಿ ಕೆಟ್ಟಿದೆಯೆಂಬುದೂ ತಿಳಿದುಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ, ಚಂಡೀಗಢ ಇವುಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಒಟ್ಟು ಕೊಲೆಸ್ಟರಾಲ್ ಹೆಚ್ಚಾಗಿದ್ದವರು ಶೇಕಡ ೧೩.೯, ಟ್ರೈಗ್ಲಿಸರೈಡ್ ಹೆಚ್ಚಾಗಿದ್ದವರು ಶೇಕಡ ೨೯.೫, ಎಚ್.ಡಿ.ಎಲ್. ತಗ್ಗಿದ್ದವರು ಶೇಕಡ ೭೨.೩. ಎಂದರೆ ಜಿಡ್ಡನ್ನು ಬಿಟ್ಟು ಅನ್ನವನ್ನು ಹೆಚ್ಚಿಸುವುದರಿಂದ ಯಾವ ಎರಡು ಸಾಲುಗಳು ಕೆಡುವುವೋ ಆ ಎರಡು ಸಾಲುಗಳೇ ನಮ್ಮಲ್ಲಿ ಮೊದಲಿನಿಂದಲೂ ಕೆಟ್ಟಿವೆ.

ಆದಕಾರಣ ಚೀಟಿಯನ್ನು ಕೈಗೆ ತೆಗೆದುಕೊಂಡವರು ಮೊದಲು ಯಾವ ಸಾಲು ಮಿತಿ ಮೀರಿದೆಯೆಂದು ನೋಡತಕ್ಕದ್ದು. ಎಲ್.ಡಿ.ಎಲ್. ಒಂದೇ ಹೆಚ್ಚಾಗಿದ್ದು ದೇಹವು ಕೃಶವಾಗಿದ್ದರೆ ತೂಕ ಇಳಿಸುವುದರಿಂದ ಪ್ರಯೋಜನವಿಲ್ಲ. ಗಟ್ಟಿ ಕೊಬ್ಬನ್ನು ಕಡಮೆ ಮಾಡಿ ಅದರ ಸ್ಥಾನದಲ್ಲಿ ಒಳ್ಳೆಯ ಎಣ್ಣೆಯನ್ನೂ ಕಾಳುಗಳನ್ನೂ ತಂದುಕೊಳ್ಳಬೇಕು. ಇಂಥವರಲ್ಲಿ ಕೆಲವರಿಗೆ ಇದು ವಂಶಪಾರಂಪರ್ಯವಾಗಿ ಬಂದಿರುತ್ತದೆ. ತಂದೆಯೋ ಅಣ್ಣನೋ ಎಳೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಿದ್ದರೆ ಪಥ್ಯವನ್ನೇ ನಂಬಿ ಕುಳಿತುಕೊಳ್ಳದೆ ವೈದ್ಯರ ಔಷಧವನ್ನು ತೆಗೆದುಕೊಳ್ಳಬೇಕು. ಟ್ರೈಗ್ಲಿಸರೈಡ್ ಹೆಚ್ಚಾಗಿ, ಎಚ್.ಡಿ.ಎಲ್. ತಗ್ಗಿ, ಹೊಕ್ಕುಳ ಮಟ್ಟದ ಸುತ್ತಳತೆಯು ಗಂಡಸರಿಗೆ ೯೦, ಹೆಂಗಸರಿಗೆ ೮೦ ಸೆಂಟಿಮೀಟರು ಮೀರಿದ್ದರೆ ತುಪ್ಪದ ಮಿಳ್ಳೆಯನ್ನು ಬಚ್ಚಿಡುವುದಕ್ಕಿಂತ ಮೊದಲು ಅನ್ನ, ಸಕ್ಕರೆ, ಮದ್ಯ ಇವುಗಳನ್ನು ಕಡಮೆ ಮಾಡಿ ತೂಕವನ್ನು ಇಳಿಸತಕ್ಕದ್ದು. ಟ್ರೈಗ್ಲಿಸರೈಡ್ ೫೦೦ನ್ನು ಮೀರಿದವರ ವಿಷಯ ಬೇರೆ, ಅವರಿಗೆ ಮೇದೋಜೀರಕಾಂಗದ ಊತದ ಭಯವಿರುವುದರಿಂದ ವೈದ್ಯರು ಎಲ್ಲ ಜಿಡ್ಡನ್ನೂ ಕಡಮೆ ಮಾಡಿಸುತ್ತಾರೆ, ಅದನ್ನು ಮೀರಬಾರದು.

ಎಣ್ಣೆಗಳ ವಿಷಯದಲ್ಲಿ ನಮ್ಮ ರಾಜ್ಯದವರು ಅದೃಷ್ಟಶಾಲಿಗಳು. ಚಿತ್ರದುರ್ಗ, ತುಮಕೂರು ಕಡೆಗಳ ಕಡಲೆಕಾಯಿ, ಕಲಬುರಗಿ, ವಿಜಯಪುರ ಕಡೆಗಳ ಕುಸುಬೆ, ಅಲ್ಲಲ್ಲಿ ಬೆಳೆಯುವ ಎಳ್ಳು, ಹುಚ್ಚೆಳ್ಳು, ಸೂರ್ಯಕಾಂತಿ ಇವೆಲ್ಲವುಗಳ ಎಣ್ಣೆಯಲ್ಲಿಯೂ ಗಟ್ಟಿ ಕೊಬ್ಬು ನೂರಕ್ಕೆ ೨೦ಕ್ಕೆ ಮೀರದು. ಕುಸುಬೆಯಲ್ಲಿ ಸುಮಾರು ೧೦ ಮಾತ್ರ. ತುಪ್ಪದಲ್ಲಿ ಇದು ೬೦ಕ್ಕೂ ಹೆಚ್ಚು. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧಪಾಲು. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ೯೦. ತಿಪಟೂರು ಸೀಮೆಯ ವಾಚಕರಿಗೆ ಈ ಮಾತು ರುಚಿಸದೆಂದು ಬಲ್ಲೆನು. ಕೊಬ್ಬರಿ ಎಣ್ಣೆಯು ಎಚ್.ಡಿ.ಎಲ್. ಅನ್ನು ಸ್ವಲ್ಪ ಏರಿಸುವುದೇನೋ ನಿಜವೇ. ಆದರೆ ಕಡಲೆಕಾಯಿ, ಸೂರ್ಯಕಾಂತಿ ಮೊದಲಾದ ಎಣ್ಣೆಗಳೊಡನೆ ಹೋಲಿಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ನೋಡಿದಾಗ ಅದು ಎಲ್.ಡಿ.ಎಲ್. ಅನ್ನು ಸುಮಾರು ೧೦ ಏರಿಸುವುದೆಂದು ಕಂಡುಬಂದಿದೆ. ತೆಂಗನ್ನು ಬೆಳೆಯಬಾರದೆಂದು ಇದರ ಅರ್ಥವಲ್ಲ, ಎಲ್.ಡಿ.ಎಲ್. ಹೆಚ್ಚಿದವರು ಅದರಲ್ಲಿ ದಿನವೂ ಕರಿಯಬಾರದೆಂದು ಮಾತ್ರ. ತಾವು ಬೆಳೆದ ಕಡಲೆಕಾಯಿಯನ್ನು ಮಾರಿ, ಅಗ್ಗವೆಂದು ತಾಳೆ ಎಣ್ಣೆಯನ್ನು ಕೊಂಡು ತಿನ್ನುವ ರೈತರ ವ್ಯಾಪಾರವು ಯಾವ ಲೆಕ್ಕದಿಂದ ಲಾಭವೋ ನನಗೆ ತಿಳಿಯದು. ಗಾಣದ ಎಣ್ಣೆಗೂ ಕಾರ್ಖಾನೆಯ ಎಣ್ಣೆಗೂ ಪರಿಮಳದಲ್ಲಿ ಭೇದವಿದ್ದರೂ ಕೊಬ್ಬಿನ ಜಾತಿಯು ಬದಲಾಗುವುದಿಲ್ಲ.

ಇವೆಲ್ಲಕ್ಕಿಂತ ಕೆಟ್ಟದ್ದು ಎಣ್ಣೆಯನ್ನು ಜಲಜನಕದಿಂದ ಗಟ್ಟಿ ಮಾಡಿದ ವನಸ್ಪತಿಯಲ್ಲಿ ಹಿಂದೆ ಹೇರಳವಾಗಿದ್ದ ‘ಟ್ರಾನ್ಸ್’ ಜಾತಿಯ ಕೊಬ್ಬು. ಇದು ಎಲ್.ಡಿ.ಎಲ್. ಅನ್ನು ಏರಿಸುವುದಲ್ಲದೆ ಎಚ್.ಡಿ.ಎಲ್. ಅನ್ನೂ ಇಳಿಸುವುದೆಂದು ೧೯೯೦ರಲ್ಲಿ ನೆದರ್ಲೆಂಡಿನಲ್ಲಿ ಸಿದ್ಧಪಟ್ಟಿತು. ನಮ್ಮ ದೇಶದಲ್ಲಿ ೨೦೨೨ನೆಯ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ಶೇಕಡ ೨ನ್ನು ಮೀರಬಾರದೆಂದು ಕಾನೂನಾಗಿದೆ.

ಕಾಳುಗಳನ್ನು ಕುರಿತು ಒಂದೆರಡು ಮಾತು. ಅವರೆ, ಅಲಸಂದೆ, ಹುರುಳಿ, ಕಡಲೆ ಇವುಗಳನ್ನು ಬೇಯಿಸಿ ದಿನಕ್ಕೆ ಸುಮಾರು ೧೩೦ ಗ್ರಾಂ ತಿಂದರೆ ಎಲ್.ಡಿ.ಎಲ್. ಶೇಕಡ ೫ರಷ್ಟು ಇಳಿಯುವುದೆಂದು ೨೦೧೪ರಲ್ಲಿ ಕ್ರೋಡೀಕರಿಸಿದ ಪ್ರಯೋಗಗಳಿಂದ ತೋರಿಬಂದಿದೆ. ಒಂದು ಬಟ್ಟಲು ಹುಳಿಯಲ್ಲಿ ತೇಲುವ ನಾಲ್ಕು ಕಾಳುಗಳಿಂದ ಈ ಫಲವು ಬಾರದು. ರಾಗಿಯಲ್ಲಿ ನಾರು ಹೆಚ್ಚೆಂಬುದು ನಿಜ. ಆದರೂ ಅದು ಮುಖ್ಯವಾಗಿ ಪಿಷ್ಟವೇ. ಕಾಳಿನ ಭಾಗವನ್ನು ಹೆಚ್ಚಿಸುವಾಗ ಮುದ್ದೆಯ ಭಾಗವನ್ನು ತಗ್ಗಿಸತಕ್ಕದ್ದು.

ಮನೆಯ ಯಜಮಾನರಿಗೆ ವೈದ್ಯರು ಹೇಳಿದ ಪಥ್ಯವನ್ನು ಇಡೀ ಮನೆಗೆ ವಿಧಿಸುವ ಪದ್ಧತಿಯೊಂದು ಕಾಣುತ್ತಲಿದೆ. ಇದು ಬಹಳ ಅಪಾಯಕರ. ಎರಡು ವರ್ಷದೊಳಗಿನ ಕೂಸಿನ ಮಿದುಳು ಬೆಳೆಯುವುದಕ್ಕೆ ಜಿಡ್ಡು ಅತ್ಯಗತ್ಯ. ಅದರ ಅನ್ನದಿಂದ ತುಪ್ಪವನ್ನು ತೆಗೆಯಬಾರದು. ಗರ್ಭಿಣಿಯರಿಗೂ ಬಾಣಂತಿಯರಿಗೂ ಮೈಯಲ್ಲಿ ಮಾಂಸವಿಲ್ಲದ ವೃದ್ಧರಿಗೂ ಮನೆಯಲ್ಲಿ ಊಟ ಮಾಡಿ ಹೊಲದಲ್ಲಿ ದುಡಿಯುವ ಆಳುಗಳಿಗೂ ಯಜಮಾನರ ಸೊಂಟದ ಸುತ್ತಳತೆಯ ಶಿಕ್ಷೆಯನ್ನು ಕೊಡುವುದು ನ್ಯಾಯವಲ್ಲ.

ಔಷಧದ ವಿಷಯದಲ್ಲಿಯೂ ಒಂದು ತಪ್ಪುತಿಳಿವಳಿಕೆಯುಂಟು. ಪಥ್ಯ ಮಾಡುತ್ತಿರುವೆನೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರು ಹಲವರು. ಎಲ್.ಡಿ.ಎಲ್. ಇಳಿಸುವ ‘ಸ್ಟ್ಯಾಟಿನ್’ ಔಷಧಗಳಲ್ಲಿ ಮೊದಲನೆಯದನ್ನು ೧೯೭೦ರ ದಶಕದಲ್ಲಿ ಜಪಾನಿನ ಅಕಿರ ಎಂಡೊ ಎಂಬುವರು, ಕ್ಯೋಟೊ ನಗರದ ಧಾನ್ಯದಂಗಡಿಯ ಅಕ್ಕಿಯ ಮೇಲೆ ಬೆಳೆದ ಬೂಷ್ಟಿನಿಂದ ಬೇರ್ಪಡಿಸಿದರು. ಅವರೂ ರೈತರ ಮನೆಯಲ್ಲಿ ಹುಟ್ಟಿದವರೇ. ಪಥ್ಯದಿಂದ ಎಲ್.ಡಿ.ಎಲ್. ಸಾಮಾನ್ಯವಾಗಿ ಶೇಕಡ ೧೦, ೧೫ರಷ್ಟು ಇಳಿದರೆ ಈ ಮಾತ್ರೆಗಳಿಂದ ೩೦ರಿಂದ ೫೦ರವರೆಗೆ ಇಳಿಯುತ್ತದೆ. ಒಮ್ಮೆ ಹೃದಯಾಘಾತವಾದವರು ಇದನ್ನು ವೈದ್ಯರ ಅಪ್ಪಣೆಯಿಲ್ಲದೆ ಬಿಡುವುದು ಪ್ರಾಣಕ್ಕೇ ಮುಳುವಾಗಬಹುದು.

ಆಹಾರವನ್ನು ಬದಲಾಯಿಸಿದವರು ಪುನಃ ಪರೀಕ್ಷೆ ಮಾಡಿಸುವುದಕ್ಕೆ ಮೂರು ತಿಂಗಳು ಕಾಯತಕ್ಕದ್ದು; ತೂಕ ಇಳಿಸುತ್ತಿರುವವರು ತೂಕವು ಕೆಲವು ವಾರಗಳ ಕಾಲ ಒಂದೇ ಮಟ್ಟದಲ್ಲಿ ನಿಂತ ಮೇಲೆ ಮಾಡಿಸುವುದು ಮೇಲು. ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಹಿಂದಿನ ರಾತ್ರಿಯ ಊಟವಾದ ಬಳಿಕ ಹನ್ನೆರಡು ಗಂಟೆಗಳ ಕಾಲ ನೀರಿನ ಹೊರತು ಬೇರೇನನ್ನೂ ಸೇವಿಸದೆ ರಕ್ತ ಕೊಡಬೇಕು. ಹಬ್ಬ, ಮದುವೆ, ಜಾತ್ರೆಗಳಾದ ಮರುದಿನ ಹೋಗಬಾರದು. ಹಳೆಯ ಚೀಟಿಯನ್ನು ಎಸೆಯದೆ ಹೊಸದರ ಪಕ್ಕದಲ್ಲಿಟ್ಟು, ಒಂದೊಂದು ಸಾಲನ್ನೂ ಪ್ರತ್ಯೇಕವಾಗಿ ಹೋಲಿಸಿ, ಅಂದಂದಿನ ತೂಕವನ್ನೂ ಸುತ್ತಳತೆಯನ್ನೂ ಅದರ ಅಂಚಿನಲ್ಲಿ ಬರೆದಿಟ್ಟುಕೊಂಡರೆ ವೈದ್ಯರಿಗೂ ಅನುಕೂಲವಾಗುತ್ತದೆ.